ಸಂಬಳ ಹೆಚ್ಚದೆಂದು ಹೇಳುವ ಬಗೆ



ಕಳೆದ ತಿಂಗಳು ನಮ್ಮ ಬಾಮೈದುನರು ಹೊಳಲ್ಕೆರೆಗೆ ಮದುವೆಗೆಂದು ಬಂದವರು ಚಿತ್ರದುರ್ಗದ ನಮ್ಮ ಮನೆಯಲ್ಲಿ ಒಂದು ರಾತ್ರಿ ತಂಗಿದ್ದರು. ಅವರು ಪರಜಿಲ್ಲೆಯ ವಿಶ್ವವಿದ್ಯಾನಿಲಯವೊಂದರ ಕಚೇರಿಯಲ್ಲಿ ಗುಮಾಸ್ತರು. ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿರುವಾಗ, ಕೋವಿಡ್ ಜಾಡ್ಯದ ಕಾಲದಲ್ಲಿ ಸಂಬಳದ ಏರಿಕೆ ನಿಂತುಹೋದ ಪ್ರಸ್ತಾಪವು ಬಂದಿತು. "ಭಾವ, ಹೋದ ಹಣವನ್ನು ಎಂದೋ ಮರೆತೆ. ನಮ್ಮನ್ನು ಕರೆದು ಕೂರಿಸಿ ಒಂದು ಮಾತು ಹೇಳುವವರೇ ಇರಲಿಲ್ಲವಲ್ಲ, ಅದನ್ನು ಮರೆಯಲಾರೆ" ಎಂದರು.

ಆ ಪ್ರಸಂಗವನ್ನು ವಾಚಕರು ಸ್ಮರಿಸಿಕೊಳ್ಳಬಹುದು. 2020ನೆಯ ಇಸವಿಯಲ್ಲಿ ಅಂಗಡಿ, ಕಾರ್ಖಾನೆ, ಬಸ್ಸುಗಳೆಲ್ಲ ನಿಂತು, ತೆರಿಗೆಯ ಹುಟ್ಟುವಳಿ ಇಳಿದು, ಸರ್ಕಾರಗಳ ಬೊಕ್ಕಸಕ್ಕೆ ಕೊರತೆಯುಂಟಾಯಿತು. ಆ ವರ್ಷದ ಏಪ್ರಿಲ್ 23ರಂದು ಕೇಂದ್ರ ಸರ್ಕಾರವು, ತನ್ನ ನೌಕರರಿಗೆ 2020ರ ಜನವರಿ, ಜುಲೈ ಮತ್ತು 2021ರ ಜನವರಿಗಳಲ್ಲಿ ಸಲ್ಲತಕ್ಕ ತುಟ್ಟಿಭತ್ಯದ ಮೂರು ಕಂತುಗಳನ್ನು ನಿಲ್ಲಿಸಿತು. ನಮ್ಮ ರಾಜ್ಯ ಸರ್ಕಾರವೂ ಅದೇ ಮಾರ್ಗವನ್ನು ಹಿಡಿಯಿತು. ರಾಜ್ಯದ ನೌಕರರಿಗೆ ಮೂಲವೇತನದ ನೂರಕ್ಕೆ 11.25ರಷ್ಟಿದ್ದ ಭತ್ಯವು 2021ರ ಜೂನ್ ಕೊನೆಯವರೆಗೆ ಅಲ್ಲಿಯೇ ನಿಂತು, ಜುಲೈ 1ರಿಂದ 21.50ಕ್ಕೆ ಏರಿತು. ನಡುವಣ ಕಾಲದ ಬಾಕಿ ಯಾರ ಕೈಗೂ ಬರಲಿಲ್ಲ. ಅನುದಾನಿತ ಶಾಲೆಗಳವರಿಗೂ, ವಿಶ್ವವಿದ್ಯಾನಿಲಯಗಳಲ್ಲಿ ರಾಜ್ಯ ವೇತನಶ್ರೇಣಿಯ ಮೇಲಿದ್ದವರಿಗೂ ಇದೇ ಗತಿಯಾಯಿತು. ಇಪ್ಪತ್ತು ಸಾವಿರ ರೂಪಾಯಿ ಮೂಲವೇತನದವನಿಗೆ ಹಳೆಯ ದರದಲ್ಲಿ ಭತ್ಯ 2,250 ರೂಪಾಯಿ. ಹೊಸ ದರದಲ್ಲಿ 4,300. ತಿಂಗಳಿಗೆ ಎರಡು ಸಾವಿರದ ಈ ಅಂತರವು ಚಿಕ್ಕ ಸಂಸಾರಕ್ಕೆ ಅಲ್ಪವಾದುದೇನೂ ಅಲ್ಲ.

ನಾವೂ ಆಗ ಸೇವೆಯಲ್ಲಿದ್ದೆವು. ನಮಗೆ ಸುದ್ದಿಯು ಬಂದುದು ದೂರವಾಣಿಯಲ್ಲಿ ಕೈಯಿಂದ ಕೈಗೆ ಹರಿದಾಡಿದ ಒಂದು ಸಾಲಿನಿಂದ: ಭತ್ಯವನ್ನು ತಡೆಹಿಡಿಯಲಾಗಿದೆ, ಎಂದು. ತಡೆದ ನೀರು ತೂಬು ಎತ್ತಿದಾಗ ಹರಿದುಬರುವಂತೆ ಈ ಹಣವೂ ಒಟ್ಟಾಗಿ ಬರುವುದೆಂದು ನಾವು ಅರ್ಥಮಾಡಿಕೊಂಡೆವು. ಬಾಕಿಯನ್ನು ಕೊಡಲಾಗದೆಂದು ಕೇಂದ್ರದ ಆದೇಶದಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಿತು. ಅಂಥ ಕಾಗದವನ್ನು ಶಾಲೆಯಲ್ಲಿ ನಮಗೆ ಓದಿ ಹೇಳಿದವರು ಯಾರೂ ಇಲ್ಲ. ಬರುವ ಬಾಕಿಯ ಬಲದ ಮೇಲೆ ಸಾಲಮಾಡಿ ಮನೆಯ ಮಾಳಿಗೆಯನ್ನು ದುರಸ್ತು ಮಾಡಿಸಿದೆವು.

ಇದನ್ನೆಲ್ಲ ಬಾಮೈದುನರ ಮುಂದೆ ಆವೇಶದಿಂದ ವರ್ಣಿಸುತ್ತಿರಲಾಗಿ, ಒಳಗಿನಿಂದ ನಮ್ಮ ಮನೆಯವರು ಬಂದು, "ಬಾಕಿ ಬರುವುದಿಲ್ಲವೆಂದು ಇವರಿಗೆ ಗೊತ್ತಾದ ಮೇಲೆ ನನಗೆ ಎಷ್ಟು ತಿಂಗಳಿಗೆ ಹೇಳಿದರು, ಕೇಳಪ್ಪ" ಎಂದರು. ನಾವು ಮೌನವಾದೆವು. ಎಂಟು ತಿಂಗಳು ಹೇಳಿರಲಿಲ್ಲ. ಅವರಿಗೆ ವ್ಯಥೆಯಾಗದಿರಲೆಂದು ಮುಚ್ಚಿಟ್ಟೆವೆಂಬುದು ನಮ್ಮ ಸಮಾಧಾನ. ಆ ಎಂಟು ತಿಂಗಳೂ ಅವರು ದಿನಸಿಯಲ್ಲಿ ಉಳಿಸಿ ಚೀಟಿ ಕಟ್ಟುತ್ತಿದ್ದರು. ನಾವು ಅತ್ತ ಸಾಲಕ್ಕೆ ಬಡ್ಡಿ ಕಟ್ಟುತ್ತಿದ್ದೆವು. "ಮೊದಲೇ ಹೇಳಿದ್ದರೆ ಚೀಟಿ ಎತ್ತಿ ಸಾಲ ತೀರಿಸುತ್ತಿರಲಿಲ್ಲವೇ?" ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೇಲಿನವರ ಮೇಲೆ ನಾವು ಹೊರಿಸಿದ ತಪ್ಪನ್ನು ನಮ್ಮ ಮನೆಯಲ್ಲಿ ನಾವೇ ಮಾಡಿದ್ದೆವು.

ಹಿರಿಯೂರಿನ ರೈತರನ್ನು ನೋಡಿರಿ. ವೇದಾವತಿಗೆ ಕಟ್ಟಿದ ಮಾರಿಕಣಿವೆಯ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಕೊರತೆಯೆಂಬುದು ಅವರಿಗೆ ಹೊಸತಲ್ಲ. ಈ ಸಲ ನಾಲೆಗೆ ನೀರಿಲ್ಲವೆಂಬ ಮಾತನ್ನು ಬಿತ್ತನೆಗೆ ಮುಂಚೆ ಹೇಳಿದರೆ ರೈತನು ಬತ್ತವನ್ನು ಬಿಟ್ಟು ರಾಗಿ ಹಾಕುವನು. ಪೈರು ಮೊಣಕಾಲುದ್ದ ಬೆಳೆದ ಮೇಲೆ ಹೇಳಿದರೆ ಬೀಜವೂ ಗೊಬ್ಬರವೂ ಕೂಲಿಯೂ ನಷ್ಟ. ನೀರಿನ ಕೊರತೆ ಎರಡು ಸಲವೂ ಅಷ್ಟೇ. ಹೇಳಿದ ಕಾಲದಿಂದ ಫಲವು ಬೇರೆಯಾಯಿತು.

ಹೇಳದಿರುವುದರಿಂದ ರಾಜ್ಯಗಳಿಗೇ ಅನರ್ಥವಾದುದುಂಟು. 1931ರಲ್ಲಿ ಬ್ರಿಟಿಷ್ ಸರ್ಕಾರವು ಆಯವ್ಯಯದ ಕೊರತೆಗಾಗಿ ನೌಕಾಪಡೆಯ ಸಂಬಳವನ್ನು ಕಡಿಮೆ ಮಾಡಿತು. ಸ್ಕಾಟ್ಲೆಂಡಿನ ಇನ್ವರ್ಗಾರ್ಡನ್ನಿನಲ್ಲಿ ಹಡಗುಗಳ ಮೇಲಿದ್ದ ನಾವಿಕರಿಗೆ ಅಧಿಕಾರಿಗಳ ವಿವರಣೆಗಿಂತ ಮುಂಚೆ ವೃತ್ತಪತ್ರಿಕೆಯೇ ಅದನ್ನು ತಿಳಿಸಿತು. ಹೆಚ್ಚಿನವರಿಗೆ ಹತ್ತರಲ್ಲೊಂದು ಪಾಲು ಹೋದರೆ, ಹಳೆಯ ದರದಲ್ಲಿದ್ದ ಕೆಳದರ್ಜೆಯವರಿಗೆ ನಾಲ್ಕರಲ್ಲೊಂದು ಪಾಲು ಹೋಗತಕ್ಕುದಾಗಿತ್ತು. ಸೆಪ್ಟೆಂಬರ್ 15 ಮತ್ತು 16ರಂದು ಅವರು ಹಡಗುಗಳನ್ನು ಹೊರಡಿಸಲೊಪ್ಪಲಿಲ್ಲ. ಕಡೆಗೆ ಸರ್ಕಾರವು ಆ ಹೆಚ್ಚಿನ ಕಡಿತವನ್ನು ಹತ್ತರಲ್ಲೊಂದಕ್ಕೆ ಇಳಿಸಬೇಕಾಯಿತು.

ಸಂಸ್ಕೃತದಲ್ಲಿ 'ಭೃ' ಎಂಬ ಧಾತುವಿಗೆ ಹೊರು, ಪೋಷಿಸು ಎಂದು ಅರ್ಥ. ಸಂಬಳವೆಂಬರ್ಥದ 'ಭೃತಿ'ಯೂ, ಪೋಷಿಸಲ್ಪಡತಕ್ಕ 'ಭೃತ್ಯ'ನೂ, ಪೋಷಿಸತಕ್ಕ 'ಭರ್ತಾ' ಎಂಬುವನೂ, 'ಭಾರ್ಯೆ'ಯೂ ಆ ಒಂದೇ ಧಾತುವಿನಿಂದ ಹುಟ್ಟಿದವರು. ಕಚೇರಿಗೂ ಮನೆಗೂ ಧರ್ಮವು ಒಂದೇ ಎಂದು ಶಬ್ದವೇ ಸಾರುತ್ತಿದೆ. ಪೋಷಣೆಯು ಕುಂದುವುದಾದರೆ, ಅದನ್ನು ನಂಬಿದವನಿಗೆ ಮೊದಲು ತಿಳಿಸತಕ್ಕದ್ದು ಪೋಷಿಸುವವನ ಕರ್ತವ್ಯ.

ಬೊಕ್ಕಸವು ಬರಿದಾದಾಗ ಕುಲಪತಿಗಳಾಗಲಿ ಮುಖ್ಯೋಪಾಧ್ಯಾಯರಾಗಲಿ ಹಣವನ್ನು ಸೃಷ್ಟಿಸಲಾರರೆಂಬುದನ್ನು ನಾವು ಬಲ್ಲೆವು. ವಿಶ್ವವಿದ್ಯಾನಿಲಯಗಳು ಸರ್ಕಾರದ ಅನುದಾನವನ್ನೂ ವಿದ್ಯಾರ್ಥಿಗಳ ಶುಲ್ಕವನ್ನೂ ನೆಚ್ಚಿಕೊಂಡವು. ಆದರೆ ಹೇಳುವುದಕ್ಕೆ ಹಣ ಬೇಕಿಲ್ಲ. ಗಾಳಿಸುದ್ದಿಗಿಂತ ಮುಂಚೆ, ಅಧಿಕಾರಿಯು ತಾನೇ ಎದುರಿಗೆ ಬಂದು ಹೇಳಲಿ. ಎಷ್ಟು ರೂಪಾಯಿ, ಎಷ್ಟು ತಿಂಗಳು ಎಂಬುದನ್ನು ಅಂಕಿಗಳಲ್ಲಿ ಹೇಳಲಿ. ಮುಂದಕ್ಕೆ ಹಾಕಿದುದು ಯಾವುದು, ಹೋಗಿಯೇಹೋದುದು ಯಾವುದು ಎಂಬುದನ್ನು ಬೇರೆಬೇರೆಯಾಗಿ ಹೇಳಲಿ. ತನ್ನ ಪಾಲಿಗೆ ಬಂದ ನಷ್ಟವೇನೆಂಬುದನ್ನೂ ಮರೆಮಾಡದಿರಲಿ. ಜವಾನನು ಪ್ರಶ್ನೆ ಕೇಳಿದರೆ ಎದ್ದುಹೋಗದೆ ಉತ್ತರಿಸಲಿ. ಇನ್ನು, ನೌಕರರ ತ್ಯಾಗವೆಂದು ಹೊಗಳುವ ವಾಡಿಕೆಯೊಂದುಂಟು. ಅದನ್ನು ಬಿಡುವುದು ಲೇಸು. ತಾನಾಗಿ ಬಿಟ್ಟುದು ತ್ಯಾಗ. ಇನ್ನೊಬ್ಬರು ನಿಲ್ಲಿಸಿದುದಕ್ಕೆ ಆ ಹೆಸರು ಸಲ್ಲದು.

ಹೊಸದುರ್ಗದಲ್ಲಾಗಲಿ ಹಿರಿಯೂರಿನಲ್ಲಾಗಲಿ, ಸಂಬಳದ ಮೇಲೆ ನಡೆಯುವ ಸಂಸಾರದ ಗೃಹಸ್ಥರಿಗೆ ನಮ್ಮದೊಂದು ವಿಜ್ಞಾಪನೆ. ಏರಿಕೆ ತಪ್ಪಿದ ಸುದ್ದಿ ನಿಮಗೆ ತಿಳಿದ ದಿನವೇ, ದೀಪ ಹಚ್ಚುವ ಹೊತ್ತಿಗೆ, ಮನೆಯವರನ್ನು ಕೂರಿಸಿಕೊಂಡು ಲೆಕ್ಕದ ಪುಸ್ತಕವನ್ನು ಮುಂದಿಟ್ಟು ಹೇಳಿಬಿಡಿರಿ. ಅಂದಿನ ಊಟ ರುಚಿಸದಿರಬಹುದು. ಮರುದಿನದಿಂದ ಭಾರವನ್ನು ಹೊರುವವರು ಇಬ್ಬರಾಗುವರು.

ನಮ್ಮ ಸಾಲವು ತೀರಿ ವರ್ಷಗಳಾದುವು. ಲೆಕ್ಕದ ಪುಸ್ತಕವು ಈಗ ನಮ್ಮ ಮನೆಯವರ ವಶದಲ್ಲಿದೆ.