ಮಕ್ಕಳ ಹೆಸರಿಗೆ ಅಂಟಿದ ಮಸಿಯನ್ನು ತೊಳೆಯುವವರು ಯಾರು?



ಅಧ್ಯಾಪಕರ ನೇಮಕಾತಿ, ತಡವಾಗಿ ಬರುವ ಪಠ್ಯಪುಸ್ತಕ, ಪ್ರಶ್ನೆಪತ್ರಿಕೆಯ ಅನುವಾದದ ಎಡವಟ್ಟು, ಇವುಗಳ ವಿಷಯದಲ್ಲಿ ನಾವು ಎಷ್ಟು ಕೂಗಿದರೂ ಸಾಲದು. ಆದರೆ ಶಾಲೆಯ ಬಾಗಿಲು ದಾಟಿದ ಮೇಲೆ ನಮ್ಮ ಮಕ್ಕಳಿಗೆ ಕಾದಿರುವ ಇನ್ನೊಂದು ಅನ್ಯಾಯದ ಬಗ್ಗೆ ನಾವು ಬಾಯಿ ಬಿಡುವುದೇ ಇಲ್ಲ. ಮರ್ಯಾದೆಗೆ ಅಂಜಿ ಮನೆಯೊಳಗೇ ಮುಚ್ಚಿಡುತ್ತೇವೆ. ಅದೇ ಪೊಲೀಸ್ ಕೇಸಿನ ವಿಷಯ.

ಹುಡುಗ ಕನ್ನಡ ಶಾಲೆಯಲ್ಲಿ ಓದಿದ, ಪದವಿ ಮುಗಿಸಿದ, ಪರೀಕ್ಷೆ ಬರೆದು ಸರಕಾರಿ ಕೆಲಸಕ್ಕೆ ಆಯ್ಕೆಯೂ ಆದ ಎನ್ನಿ. ಆಗ ಕೈಗೆ ಒಂದು ದೃಢೀಕರಣ ನಮೂನೆ ಬರುತ್ತದೆ. ನಿಮ್ಮನ್ನು ಎಂದಾದರೂ ಬಂಧಿಸಲಾಗಿದೆಯೇ? ಮೊಕದ್ದಮೆ ಹೂಡಲಾಗಿದೆಯೇ? ನ್ಯಾಯಾಲಯ ನಿಮಗೆ ದಂಡ ವಿಧಿಸಿದೆಯೇ? ಶಿಕ್ಷೆಯಾಗಿದೆಯೇ? ಹೌದು ಅಥವಾ ಇಲ್ಲ ಎಂದು ಬರೆಯಿರಿ. ಆ 'ಎಂದಾದರೂ' ಎಂಬ ಪದವನ್ನು ಗಮನಿಸಿರಿ. ಅದಕ್ಕೆ ಕಾಲದ ಮಿತಿಯಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬೀದಿಯಲ್ಲಿ ಘೋಷಣೆ ಕೂಗಿ ಕಟ್ಟಿದ ದಂಡವನ್ನೂ ಅದು ಕೇಳುತ್ತದೆ, ದರೋಡೆಗೆ ಆದ ಸೆರೆವಾಸವನ್ನೂ ಕೇಳುತ್ತದೆ. ಎರಡಕ್ಕೂ ಇರುವ ಉತ್ತರ ಒಂದೇ, 'ಹೌದು'.

ಈ 'ಹೌದು' ಎಂಬುದನ್ನು ಅಳಿಸುವ ದಾರಿ ನಮ್ಮ ದೇಶದ ಕಾನೂನಿನಲ್ಲಿ ಇದೆಯೇ? ಹದಿನೆಂಟು ತುಂಬಿದವರಿಗೆ ಇಲ್ಲ. ಇಷ್ಟು ವರ್ಷ ಒಳ್ಳೆಯ ನಡತೆಯಿಂದ ಬದುಕಿದರೆ ಹಳೆಯ ಸಣ್ಣ ಶಿಕ್ಷೆ ದಾಖಲೆಯಿಂದ ಹೋಗುತ್ತದೆ ಎಂದು ಹೇಳುವ ಸಾಮಾನ್ಯ ಕಾಯ್ದೆ ಭಾರತದಲ್ಲಿ ಇಂದಿಗೂ ಇಲ್ಲ. 1860ರಲ್ಲಿ ನಮಗೆ ದಂಡಸಂಹಿತೆಯನ್ನು ಹೊರಿಸಿದ ಬ್ರಿಟಿಷರು ತಮ್ಮ ದೇಶದಲ್ಲಿ 1974ರಷ್ಟು ಹಿಂದೆಯೇ ಅಪರಾಧಿಗಳ ಪುನರ್ವಸತಿ ಕಾಯ್ದೆ ಮಾಡಿಕೊಂಡರು. ಅಲ್ಲಿ ನಿಗದಿತ ಅವಧಿ ಕಳೆದ ಸಣ್ಣ ಶಿಕ್ಷೆ 'ಸವೆದುಹೋದ' ಶಿಕ್ಷೆ. ಹೆಚ್ಚಿನ ಕೆಲಸಗಳಿಗೆ ಅದನ್ನು ಹೇಳಬೇಕಾಗಿಲ್ಲ. ನಾವಾದರೋ 2023ರಲ್ಲಿ ಹಳೆಯ ಮೂರು ಸಂಹಿತೆಗಳನ್ನು ಕಿತ್ತುಹಾಕಿ ಹೊಸ ಮೂರನ್ನು ಬರೆದೆವು, 2024ರ ಜುಲೈ 1ರಿಂದ ಜಾರಿಗೂ ತಂದೆವು. ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯೆಂಬ ಹೊಸ ಶಿಕ್ಷೆ ಬಂತು. ಶಿಕ್ಷೆ ಅನುಭವಿಸಿದವನಿಗೆ ಹೊಸ ಬದುಕಿನ ಬಾಗಿಲು ಮಾತ್ರ ಬರಲಿಲ್ಲ.

ಹಾಗಾದರೆ ನಮ್ಮ ಕಾನೂನಿಗೆ ಮರೆಯುವುದೇ ಗೊತ್ತಿಲ್ಲವೇ? ಬೇಕಾದವರ ವಿಷಯದಲ್ಲಿ ಚೆನ್ನಾಗಿ ಗೊತ್ತಿದೆ! 1951ರ ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಸೆಕ್ಷನ್ ನೋಡಿರಿ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸೆರೆವಾಸವಾದವನು ಬಿಡುಗಡೆಯಾಗಿ ಆರು ವರ್ಷ ಕಳೆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು, ಗೆದ್ದರೆ ಮಂತ್ರಿಯೂ ಆಗಬಹುದು. 1967ರ ಪಾಸ್‌ಪೋರ್ಟ್ ಕಾಯ್ದೆಯೂ ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗಿದ್ದರೆ ಹಿಂದಿನ ಐದು ವರ್ಷವನ್ನಷ್ಟೇ ನೋಡುತ್ತದೆ. ವ್ಯಾಪಾರ ಸುಗಮವಾಗಲಿ ಎಂದು 2023ರ ಜನವಿಶ್ವಾಸ ಕಾಯ್ದೆಯಲ್ಲಿ 42 ಕಾಯ್ದೆಗಳ 183 ಅಂಶಗಳನ್ನು ಅಪರಾಧದ ಬಿಗಿಯಿಂದ ಸಡಿಲಿಸಿದರು. ವ್ಯಾಪಾರಿಯ ಮೇಲೆ ವಿಶ್ವಾಸ, ರಾಜಕಾರಣಿಗೆ ಆರು ವರ್ಷದಲ್ಲಿ ಶುದ್ಧಿ, ದಂಡ ಕಟ್ಟಿದ ಬಡ ಹುಡುಗನಿಗೆ ಮಾತ್ರ ಸಾಯುವ ತನಕ 'ಎಂದಾದರೂ'. ಇದು ಯಾವ ನ್ಯಾಯ?

ಇದು ಇಡೀ ದೇಶದ ಸಮಸ್ಯೆ, ಗಡಿನಾಡ ಕನ್ನಡಿಗರಿಗೇನು ವಿಶೇಷ ಎಂದು ಕೇಳುವವರಿದ್ದಾರೆ. ವಿಶೇಷವಿದೆ. ಶಿಕ್ಷೆಯೆಂಬುದು ನಮ್ಮ ಮಕ್ಕಳ ತಲೆಗೆ ಬಂದು ಕೂರುವ ಬಗೆಯಲ್ಲೇ ವಿಶೇಷವಿದೆ.

ಸಣ್ಣ ಕೇಸುಗಳಲ್ಲಿ ನಡೆಯುವುದನ್ನು ಎಲ್ಲರೂ ಬಲ್ಲರು. ಅಕ್ರಮ ಕೂಟ, ರಸ್ತೆ ತಡೆ, ಜಾತ್ರೆಯ ಜಗಳ, ಕಾಲೇಜಿನ ಹೊಡೆದಾಟ. ಹುಡುಗನ ಹೆಸರಿಗೆ ಸಮನ್ಸ್ ಬರುತ್ತದೆ. "ತಪ್ಪಾಯಿತು ಎಂದು ಹೇಳಿ ದಂಡ ಕಟ್ಟಿಬಿಡು, ಇವತ್ತೇ ಮುಗಿಯುತ್ತದೆ. ಇಲ್ಲದಿದ್ದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು" ಎಂಬ ಉಪದೇಶ ಸಿಗುತ್ತದೆ. ಪೊಲೀಸರಿಂದಲೂ ಸಿಗುತ್ತದೆ, ಕೆಲವೊಮ್ಮೆ ನಮ್ಮದೇ ವಕೀಲರಿಂದಲೂ ಸಿಗುತ್ತದೆ. ಕಾಸರಗೋಡಿನಲ್ಲಿ ಮಲಯಾಳಂ, ತಾಳವಾಡಿ ಹೊಸೂರಿನಲ್ಲಿ ತಮಿಳು, ಜತ್ತ ಅಕ್ಕಲಕೋಟೆಯಲ್ಲಿ ಮರಾಠಿ, ಆದವಾನಿ ಮಡಕಶಿರದಲ್ಲಿ ತೆಲುಗು ಕಿವಿಗೆ ಬೀಳುತ್ತದೆ. ಸಂತೆಯಲ್ಲಿ ಆ ಭಾಷೆ ಮಾತಾಡುವ ಹುಡುಗನಿಗೂ ಕೋರ್ಟಿನಲ್ಲಿ ಓದುವ ಆರೋಪದ ಭಾಷೆ ಅರ್ಥವಾಗಬೇಕೆಂದಿಲ್ಲ. ಅವನು ತಲೆಯಾಡಿಸಿ 'ಸರಿ ಸಾರ್' ಎನ್ನುತ್ತಾನೆ. ಕಾಗದದಲ್ಲಿ ಅದು 'ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ' ಎಂದಾಗುತ್ತದೆ. ಕಟ್ಟಿದ್ದು ಕೆಲವು ನೂರು ರೂಪಾಯಿ ದಂಡ, ತಂದದ್ದು ಅಪರಾಧಿ ಎಂಬ ಹೆಸರು. ಕೇಸು ಮುಗಿಯಿತೆಂದು ಮನೆಗೆ ಬಂದು ಪಾಯಸ ಮಾಡಿಸಿದವರಿದ್ದಾರೆ. ಅದು ಮುಗಿದದ್ದಲ್ಲ, ಆಗಷ್ಟೇ ಆರಂಭವಾದದ್ದು.

ತಪ್ಪೊಪ್ಪಿಗೆಯ ಮೇಲೆ ಆದ ಶಿಕ್ಷೆಗೆ ಮೇಲ್ಮನವಿಯ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಶಿಕ್ಷೆಯ ಪ್ರಮಾಣ ಹೆಚ್ಚಾಯಿತು ಅಥವಾ ಕಾನೂನುಬದ್ಧವಲ್ಲ ಎಂದಷ್ಟೇ ವಾದಿಸಬಹುದು. ಸಣ್ಣ ದಂಡವಾದರೆ ಅದೂ ಇಲ್ಲ. ಆದ್ದರಿಂದ ಆ 'ಸರಿ ಸಾರ್' ಎಂಬ ಎರಡು ಪದದ ಬೆಲೆ ಎಷ್ಟೆಂದು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು.

ಇಲ್ಲಿ ಕಾನೂನು ನಮ್ಮ ಪರವಾಗಿಯೇ ಇದೆ ಎಂಬುದು ಇನ್ನೂ ಸಂಕಟದ ಮಾತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 275ನೇ ಸೆಕ್ಷನ್ ಪ್ರಕಾರ ತಪ್ಪೊಪ್ಪಿಗೆಯನ್ನು ಸಾಧ್ಯವಾದಷ್ಟು ಆರೋಪಿಯು ಆಡಿದ ಮಾತುಗಳಲ್ಲಿಯೇ ಬರೆದುಕೊಳ್ಳಬೇಕು. ಕನ್ನಡದ ಹುಡುಗನ ಮಾತು ಕನ್ನಡವಲ್ಲದೆ ಬೇರೆ ಯಾವುದು? 314ನೇ ಸೆಕ್ಷನ್ ಪ್ರಕಾರ ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ ಅದನ್ನು ತೆರೆದ ನ್ಯಾಯಾಲಯದಲ್ಲಿ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. 404ನೇ ಸೆಕ್ಷನ್ ಪ್ರಕಾರ ತೀರ್ಪಿನ ಅನುವಾದವನ್ನು ಸಾಧ್ಯವಿದ್ದರೆ ತನ್ನ ಭಾಷೆಯಲ್ಲಿ ಕೇಳುವ ಹಕ್ಕು ಅವನಿಗಿದೆ. ಇವು ಹೊಸತಲ್ಲ. 1973ರ ಹಳೆಯ ಸಂಹಿತೆಯಲ್ಲೂ ಇದ್ದವು. ಕೇಳುವವರಿಲ್ಲದೆ ಇವು ಪುಸ್ತಕದಲ್ಲೇ ಮಲಗಿವೆ.

ಈಗ ಹದಿನೆಂಟು ತುಂಬದ ಮಕ್ಕಳ ವಿಷಯ. ಶಾಲಾ ಮಕ್ಕಳ ಹೆತ್ತವರು ಇದನ್ನು ಕತ್ತರಿಸಿ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ. ದಾಖಲೆ ಅಳಿಸುವ ಕಾನೂನು ಇವರಿಗೆ ಇದೆ. 2015ರ ಬಾಲನ್ಯಾಯ ಕಾಯ್ದೆಯು ಪ್ರತಿ ಮಗುವಿಗೂ ಹೊಸ ಆರಂಭದ ಹಕ್ಕಿದೆ ಎನ್ನುವ ತತ್ತ್ವವನ್ನೇ ಒಪ್ಪಿಕೊಂಡಿದೆ. ಅದರ 24ನೇ ಸೆಕ್ಷನ್ ಪ್ರಕಾರ ಬಾಲನ್ಯಾಯ ಮಂಡಳಿಯಲ್ಲಿ ಇತ್ಯರ್ಥವಾದ ಕೇಸಿನಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಬರಕೂಡದು. ದಾಖಲೆಯನ್ನು ನಿಗದಿತ ಅವಧಿಯ ನಂತರ ನಾಶಪಡಿಸಬೇಕು. ಹದಿನಾರು ದಾಟಿ ಘೋರ ಅಪರಾಧ ಮಾಡಿ ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕರಂತೆ ವಿಚಾರಣೆಯಾಗಿ ತಪ್ಪಿತಸ್ಥರೆಂದು ಕಂಡವರಿಗೆ ಮಾತ್ರ ಈ ರಕ್ಷಣೆ ಇಲ್ಲ. 74ನೇ ಸೆಕ್ಷನ್ ಇನ್ನೂ ಸ್ಪಷ್ಟ. ಮುಗಿದ ಕೇಸಿನ ವಿವರವನ್ನು ನಡತೆ ಪತ್ರಕ್ಕಾಗಿ ಪೊಲೀಸರು ಯಾರಿಗೂ ಕೊಡಬಾರದು. ಬಾಲ್ಯದ ಕೇಸನ್ನು ಹಿಡಿದು ನೌಕರಿ ತಪ್ಪಿಸಲಾಗದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ರಮೇಶ್ ಬಿಷ್ಣೋಯಿ ಪ್ರಕರಣದಲ್ಲಿ ಹೇಳಿದೆ. ಸಣ್ಣ ಅಪರಾಧದ ಆರೋಪದಲ್ಲಿ ಮಗುವಿನ ಮೇಲೆ ಎಫ್‌ಐಆರ್ ಹಾಕದೆ ಠಾಣೆಯ ದಿನಚರಿಯಲ್ಲಷ್ಟೇ ಬರೆಯಬೇಕೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ವಯಸ್ಕರೊಂದಿಗೆ ಸೇರಿ ಮಾಡಿದ್ದೆಂಬ ಆರೋಪವಿದ್ದರೆ ಇದು ಅನ್ವಯಿಸದು.

ಹೀಗಿರುವಾಗ ಹದಿನೇಳರ ಹುಡುಗನನ್ನು ಹತ್ತೊಂಬತ್ತು ಎಂದು ಬರೆದುಕೊಂಡು ಸಾಮಾನ್ಯ ಕೋರ್ಟಿಗೆ ಎಳೆದರೆ ಅವನನ್ನು ಉಳಿಸುವುದು ಯಾವುದು? ಶಾಲೆಯ ಜನನ ದಿನಾಂಕದ ಪ್ರಮಾಣಪತ್ರ. ವಯಸ್ಸು ತೀರ್ಮಾನಿಸಲು ಕಾಯ್ದೆ ಮೊದಲು ನೋಡುವುದು ಅದನ್ನೇ. ನಮ್ಮ ಕನ್ನಡ ಶಾಲೆಗಳ ಮುಖ್ಯೋಪಾಧ್ಯಾಯರು ಆ ಪತ್ರವನ್ನು ತಡಮಾಡದೆ, ಆ ರಾಜ್ಯದ ಭಾಷೆಯ ಅನುವಾದದೊಂದಿಗೆ ಕೊಡಬೇಕು. ಕೇಸಿಗೆ ಹೆದರಿ ಹುಡುಗನಿಗೆ ವರ್ಗಾವಣೆ ಪತ್ರ ಕೊಟ್ಟು ಕಳುಹಿಸುವ ಶಾಲೆ ಕಾಯ್ದೆಗಿಂತ ಕ್ರೂರವಾಗಿ ವರ್ತಿಸುತ್ತದೆ ಎಂದು ಹೇಳಲು ನಮಗೆ ಸಂಕೋಚವಿಲ್ಲ.

ಹದಿನೆಂಟು ದಾಟಿ ಶಿಕ್ಷೆ ಆಗಿಹೋದವರು ಏನು ಮಾಡಬೇಕು? ಪೂರ್ತಿ ಅಳಿಸುವ ದಾರಿಯಿಲ್ಲದಿದ್ದರೂ ಕಿರುದಾರಿಗಳಿವೆ. ತಿಳಿಯದ ಭಾಷೆಯಲ್ಲಿ ತಪ್ಪೊಪ್ಪಿಗೆ ಬರೆಸಿಕೊಂಡಿದ್ದರೆ 90 ದಿನಗಳೊಳಗೆ ಸೆಷನ್ಸ್ ಕೋರ್ಟು ಅಥವಾ ಹೈಕೋರ್ಟಿನಲ್ಲಿ ಪುನರ್ವಿಮರ್ಶೆಯ ಅರ್ಜಿ ಹಾಕಬಹುದು. ತಡವಾಗಿದ್ದರೆ ಕಾರಣ ತೋರಿಸಬೇಕು. ಇಬ್ಬರ ನಡುವಿನ ಜಗಳದ ಕೇಸಾಗಿದ್ದು ಈಗ ರಾಜಿಯಾಗಿದ್ದರೆ, ಘೋರವಲ್ಲದ ಪ್ರಕರಣದಲ್ಲಿ ಶಿಕ್ಷೆಯಾದ ಮೇಲೂ ಹೈಕೋರ್ಟು ಅದನ್ನು ರದ್ದುಮಾಡಬಲ್ಲದು ಎಂದು ಸುಪ್ರೀಂ ಕೋರ್ಟು 2021ರಲ್ಲಿ ರಾಮಗೋಪಾಲ್ ಪ್ರಕರಣದಲ್ಲಿ ಒಪ್ಪಿದೆ. ಕೇಸು ಇನ್ನೂ ನಡೆಯುತ್ತಿದ್ದರೆ, ತಪ್ಪು ಸಾಬೀತಾಗುವಂತಿದ್ದರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯನ್ನು ಕೇಳಿರಿ. ಅದರ ಪ್ರಕಾರ ಬುದ್ಧಿವಾದ ಹೇಳಿ ಅಥವಾ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು. ಹಾಗೆ ಬಿಟ್ಟವರಿಗೆ 12ನೇ ಸೆಕ್ಷನ್ ಪ್ರಕಾರ ಶಿಕ್ಷೆಯಿಂದ ಬರುವ ಅನರ್ಹತೆ ತಗಲದು. ಆದರೆ ಮೋಸಹೋಗಬೇಡಿರಿ. ಇದು ಅನರ್ಹತೆಯನ್ನು ತೆಗೆಯುತ್ತದೆಯೇ ಹೊರತು ಶಿಕ್ಷಾರ್ಹನೆಂಬ ತೀರ್ಪನ್ನು ಅಳಿಸದು. ಸುಪ್ರೀಂ ಕೋರ್ಟು 1975ರ ಚೆಲ್ಲಪ್ಪನ್ ಪ್ರಕರಣದಿಂದಲೂ ಹೀಗೆಯೇ ಹೇಳುತ್ತಾ ಬಂದಿದೆ.

ಹಾಗೆಂದು ನಮೂನೆಯಲ್ಲಿ ಸುಳ್ಳು ಬರೆಯಬಹುದೇ? ಬೇಡ. ಮುಚ್ಚಿಟ್ಟದ್ದು ಗೊತ್ತಾದರೆ ಕೇಸಿಗಿಂತ ಆ ಸುಳ್ಳೇ ಕೆಲಸವನ್ನು ನುಂಗುತ್ತದೆ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮೊದಲು ಹೇಳಿದ್ದು ಸತ್ಯವನ್ನೇ ಬರೆಯಬೇಕೆಂದು. ಅದೇ ತೀರ್ಪು, ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣದಲ್ಲಿ ಶಿಕ್ಷೆಯಾಗಿದ್ದು, ಅದನ್ನು ಹೇಳದೆ ಬಿಟ್ಟಿದ್ದರೂ ಮಾಲೀಕರು ಮನ್ನಿಸಬಹುದು ಎಂದಿದೆ. ದೇಶದ ಅತ್ಯುಚ್ಚ ನ್ಯಾಯಾಲಯಕ್ಕೆ ಕ್ಷುಲ್ಲಕಕ್ಕೆ ಉದಾಹರಣೆಯಾಗಿ ಹೊಳೆದದ್ದೇ ಘೋಷಣೆ! ಆದರೆ 'ಮನ್ನಿಸಬಹುದು' ಎಂದರೆ 'ಮನ್ನಿಸಬೇಕು' ಎಂದಲ್ಲ. ಅಧಿಕಾರಿಯ ಮರ್ಜಿಗೆ ಬಿಟ್ಟದ್ದು ಹಕ್ಕಾಗದು. ಮರ್ಜಿ ಎಂಬುದು ಗಡಿನಾಡಿನಲ್ಲಿ ಯಾರ ಕಡೆ ವಾಲುತ್ತದೆ ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ.

ಕೊಲೆಗಡುಕರನ್ನೂ ಅತ್ಯಾಚಾರಿಗಳನ್ನೂ ಶುದ್ಧಮಾಡಲು ಹೊರಟಿರಾ ಎಂದು ಕೆಲವರು ಹುಬ್ಬೇರಿಸುವರು. ಖಂಡಿತ ಇಲ್ಲ. ಘೋರ ಅಪರಾಧಗಳು, ಹೆಂಗಸರು ಮಕ್ಕಳ ಮೇಲಿನ ದೌರ್ಜನ್ಯಗಳು ದಾಖಲೆಯಲ್ಲಿ ಇರಲೇಬೇಕು. ನಮ್ಮ ಶಾಲೆಗೆ ಬರುವ ಅಧ್ಯಾಪಕನ ಹಿನ್ನೆಲೆ ನಮಗೂ ತಿಳಿಯಬೇಕು. ಬ್ರಿಟನ್ನಿನ ಕಾಯ್ದೆಯೂ ಘೋರ ಅಪರಾಧಗಳ ದೀರ್ಘ ಶಿಕ್ಷೆಗಳನ್ನು ಹೊರಗಿಟ್ಟಿದೆ, ಮಕ್ಕಳೊಡನೆ ಮಾಡುವ ಕೆಲಸಗಳಿಗೆ ವಿನಾಯಿತಿ ಕೊಟ್ಟಿಲ್ಲ. ನಾವು ಕೇಳುವುದು ದಂಡ ಕಟ್ಟಿ ಮುಗಿಸಿದ ಸಣ್ಣ ತಪ್ಪಿಗೆ ಒಂದು ಕೊನೆ ಇರಲಿ ಎಂದು ಮಾತ್ರ.

ನಮ್ಮವರಿಗೂ ಒಂದು ಮಾತು ಹೇಳದೆ ವಿಧಿಯಿಲ್ಲ. ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯನ್ನೂ, ಕೇರಳ 2017ರಲ್ಲಿ ಮಲಯಾಳಂ ಕಲಿಕೆಯನ್ನೂ ಕಾಯ್ದೆಯಿಂದ ಕಡ್ಡಾಯಗೊಳಿಸಿದವು. ಅಂಥ ಹೊತ್ತಿನಲ್ಲಿ ಬೀದಿಗಿಳಿಯುವುದು ಅನಿವಾರ್ಯ, ಹೆಮ್ಮೆಯ ಕೆಲಸವೂ ಹೌದು. ಆದರೆ ಧ್ವಜ ಹಿಡಿಯಲು ವಿದ್ಯಾರ್ಥಿಗಳನ್ನು ಮುಂದೆ ನಿಲ್ಲಿಸಿ, ಹಾರ ಹಾಕಿಸಿಕೊಳ್ಳುವಾಗ ತಾವು ಮುಂದೆ ನಿಲ್ಲುವ ಮುಖಂಡರಿಗೆ ಕೇಳುತ್ತೇವೆ: ಸಮನ್ಸ್ ಬಂದಾಗ ನೀವು ಎಲ್ಲಿರುತ್ತೀರಿ? ಕೇಸು ನಡೆಯುತ್ತಿರುವಾಗ ಸರಕಾರ ಮನಸ್ಸು ಮಾಡಿ, ಕೋರ್ಟು ಒಪ್ಪಿದರೆ ಅದನ್ನು ಹಿಂತೆಗೆಯಬಹುದು. ತೀರ್ಪು ಬಂದ ಮೇಲೆ ಆ ದಾರಿಯೂ ಮುಚ್ಚಿತು. ಚಳವಳಿಗೆ ಕರೆದವರು ಕೊನೆಯ ಕೇಸು ಮುಗಿಯುವ ತನಕ ವಕೀಲರ ಖರ್ಚು ಹೊರಬೇಕು. ಇಲ್ಲವಾದರೆ ನಮ್ಮ ಮಕ್ಕಳನ್ನು ಕರೆಯುವ ಅಧಿಕಾರ ನಿಮಗಿಲ್ಲ.

ನಮ್ಮ ಬೇಡಿಕೆಗಳು ಇವು:

1. ಸಣ್ಣ ಅಪರಾಧದ ಶಿಕ್ಷೆ ನಿಗದಿತ ವರ್ಷಗಳ ಸನ್ನಡತೆಯ ನಂತರ ತಾನಾಗಿ ದಾಖಲೆಯಿಂದ ಹೋಗುವಂತೆ ಸಂಸತ್ತು ಕಾಯ್ದೆ ಮಾಡಬೇಕು.

2. ದೃಢೀಕರಣ ನಮೂನೆಯ 'ಎಂದಾದರೂ' ಎಂಬುದಕ್ಕೆ ವರ್ಷದ ಮಿತಿ ಹಾಕಬೇಕು, ಬಾಲ್ಯದ ಕೇಸನ್ನು ಬರೆಯಬೇಕಾಗಿಲ್ಲ ಎಂದು ಅದರಲ್ಲೇ ಅಚ್ಚುಹಾಕಬೇಕು.

3. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಪ್ರತಿ ಕೋರ್ಟಿನಲ್ಲಿ ಕನ್ನಡ ಬಲ್ಲ ದುಭಾಷಿ ಇರಬೇಕು. ಅವರಿಲ್ಲದೆ ಕನ್ನಡಿಗನ ತಪ್ಪೊಪ್ಪಿಗೆಯನ್ನು ಸ್ವೀಕರಿಸಬಾರದು.

4. ಬಾಲನ್ಯಾಯ ಮಂಡಳಿಗಳು ನಾಶಪಡಿಸಿದ ದಾಖಲೆಗಳ ಬಗ್ಗೆ ಆಯಾ ಕುಟುಂಬಕ್ಕೆ ಲಿಖಿತವಾಗಿ ತಿಳಿಸಬೇಕು.

ಅಲ್ಲಿಯ ತನಕ ಹೆತ್ತವರು ಮಾಡಬಹುದಾದದ್ದು ಇಷ್ಟು. ಸಮನ್ಸ್ ಬಂದರೆ ಮಗನನ್ನು ಒಬ್ಬನೇ ಕಳುಹಿಸಬೇಡಿರಿ. ಆರೋಪವನ್ನು ಕನ್ನಡದಲ್ಲಿ ತಿಳಿಸಿರೆಂದು ಕೇಳದೆ ತಲೆಯಾಡಿಸಬೇಡ ಎಂದು ಹೇಳಿರಿ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿರಿ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯಲ್ಲಿದೆ. ಅರ್ಜಿ ಕನ್ನಡದಲ್ಲೇ ಇರಲಿ. ಯಾವ ಅಧಿಕಾರಿಗಾದರೂ ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ತೀರ್ಪಿನ ನಕಲನ್ನು ಪಡೆದು ಅಂಕಪಟ್ಟಿಯ ಜತೆಗೇ ಜೋಪಾನ ಮಾಡಿರಿ.

ಕನ್ನಡದಲ್ಲಿ ಓದಿಸಿದ್ದಕ್ಕೆ ಮಕ್ಕಳು ಹಿಂದುಳಿದರು ಎಂದು ಆಡಿಕೊಳ್ಳುವವರು ಊರು ತುಂಬಾ ಇದ್ದಾರೆ. ತಿಳಿಯದ ಭಾಷೆಯ ಒಂದು ಕಾಗದಕ್ಕೆ ಸಹಿ ಹಾಕಿಸಿ ಅವರ ಬಾಯಿಗೆ ಇನ್ನೊಂದು ಮಾತು ಕೊಡುವುದು ಬೇಡ. ಸಹಿಗೆ ಮೊದಲು ಕೇಳಿರಿ, ಕನ್ನಡದಲ್ಲೇ ಕೇಳಿರಿ.