ಬೇಟೆಗೆ ಮೊದಲೇ ಕ್ಯಾಮೆರಾ ಕಟ್ಟುವುದು ಸರಿಯೇ?

ಸಹಪಾಠಿಗಳೇ, ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ಒಂಬತ್ತನೇ ತರಗತಿಯ ಗೆಳೆಯನೊಬ್ಬ ಕಾಡಿನ ಕ್ಯಾಮೆರಾಗಳ ಬಗ್ಗೆ ಬರೆದದ್ದನ್ನು ನೀವೆಲ್ಲ ಓದಿರುತ್ತೀರಿ. "ಕೋವಿ ಕೊಲ್ಲುತ್ತದೆ, ಕ್ಯಾಮೆರಾ ಯಾರಿಗೂ ತೊಂದರೆ ಮಾಡುವುದಿಲ್ಲ" ಎಂದು ಬರೆದಿದ್ದ. ನಮ್ಮ ಇಕೋ ಕ್ಲಬ್ಬಿನಿಂದಲೂ ಒಂದು ಕ್ಯಾಮೆರಾ ತಂದು ಶಾಲೆಯ ಹಿಂದಿನ ಹಳ್ಳದ ಹತ್ತಿರ ಕಟ್ಟೋಣ, ಬಂದ ಚಿತ್ರಗಳನ್ನು ಇದೇ ಗೋಡೆಗೆ ಅಂಟಿಸೋಣ ಎಂದೂ ಸೂಚಿಸಿದ್ದ. ಲೇಖನ ಚೆನ್ನಾಗಿತ್ತು. ಅಕ್ಷರವೂ ನನ್ನದಕ್ಕಿಂತ ದುಂಡಾಗಿತ್ತು. ಆದರೆ ಆ ಒಂದು ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ದೂರ, ಅಮೆರಿಕದ ತನಕ ಹೋಗಿ ಬರಬೇಕು. ಅಲ್ಲಿ ಇದೇ ಕ್ಯಾಮೆರಾವನ್ನು ಬೇಟೆಗೆ ಬಳಸುತ್ತಾರೆ. ಅದು ಸರಿಯೋ ತಪ್ಪೋ ಎಂದು ಬೇಟೆಗಾರರೇ ತಮ್ಮ ತಮ್ಮೊಳಗೆ ಜಗಳ ಆಡಿದ್ದಾರೆ.

ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆ ಇದೆ. ಬಲಿತ ಗಂಡು 300 ಕಿಲೋಗೂ ಹೆಚ್ಚು ತೂಗುತ್ತದೆ. ನಮ್ಮ ಕಾಶ್ಮೀರದ ಹಂಗುಲ್ ಅದರ ದಾಯಾದಿ. (ಹಿಂದೆ ಸಿಲೋನಿನಲ್ಲಿದ್ದ ಬ್ರಿಟಿಷ್ ಶಿಕಾರಿಗಳು ನಮ್ಮ ಕಡವೆಯನ್ನೇ ಎಲ್ಕ್ ಅಂತ ಕರೆಯುತ್ತಿದ್ದರು! ಹಳೇ ಪುಸ್ತಕ ಓದುವವರು ಮೋಸ ಹೋಗಬಾರದು.) ಗಂಡಿನ ಕೊಂಬು ಪ್ರತಿ ವರ್ಷ ಮಾರ್ಚ್, ಏಪ್ರಿಲ್ ಹೊತ್ತಿಗೆ ಉದುರುತ್ತದೆ. ಮತ್ತೆ ಮಖಮಲ್ಲಿನಂಥ ಚರ್ಮ ಹೊದ್ದುಕೊಂಡು ಹೊಸ ಕೊಂಬು ಬರುತ್ತದೆ. ಬೇಸಿಗೆಯಲ್ಲಿ ಅದು ಬೆಳೆಯುವ ಜೋರು ಎಷ್ಟೆಂದರೆ ಕೆಲವು ದಿನ ಒಂದೇ ದಿನಕ್ಕೆ ಒಂದು ಅಂಗುಲದ ತನಕ! ಆಗಸ್ಟ್ ಹೊತ್ತಿಗೆ ಮರಕ್ಕೆ ಉಜ್ಜಿ ಆ ಚರ್ಮ ಕಳಚಿಕೊಳ್ಳುತ್ತದೆ. ಸೆಪ್ಟೆಂಬರ್ ಬೆದೆಗಾಲ. ಆಗ ಗಂಡುಗಳು ಕಹಳೆ, ಕೊಳಲು ಎರಡನ್ನೂ ಸೇರಿಸಿ ಊದಿದ ಹಾಗೆ ಕೂಗುತ್ತವೆ, ಕೆಸರುಗುಂಡಿಯಲ್ಲಿ ಹೊರಳುತ್ತವೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಬೇಟೆ ಅಪರಾಧ. ಅಲ್ಲಿ ಹಾಗಲ್ಲ. ಲೈಸೆನ್ಸ್ ಪಡೆದು, ಗೊತ್ತು ಮಾಡಿದ ದಿನಗಳಲ್ಲಿ ಬೇಟೆಯಾಡಬಹುದು. ಕೊಲೊರಾಡೊ ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಎಲ್ಕ್ ಇವೆ. ಅಲ್ಲಿ ಬಿಲ್ಲು-ಬಾಣದ ಬೇಟೆ ಸೆಪ್ಟೆಂಬರಿನಲ್ಲಿ, ಕೋವಿಯದು ಮುಖ್ಯವಾಗಿ ಅಕ್ಟೋಬರ್, ನವೆಂಬರಿನಲ್ಲಿ. ಬೇಟೆಗಾರರನ್ನು ಸುಮ್ಮನೆ ಬೈಯುವುದೂ ಸರಿಯಲ್ಲ. 1937ರಲ್ಲಿ ಬಂದ ಒಂದು ಕಾನೂನಿನಂತೆ ಅಲ್ಲಿ ಬಂದೂಕು, ಗುಂಡುಗಳ ಮೇಲೆ ಶೇಕಡ 10-11ರಷ್ಟು ತೆರಿಗೆ ಹಾಕುತ್ತಾರೆ. ಆ ದುಡ್ಡು ಕಾಡುಪ್ರಾಣಿಗಳ ರಕ್ಷಣೆಗೇ ಹೋಗುತ್ತದೆ.

ಈಗ ಕ್ಯಾಮೆರಾ ವಿಷಯ. ಇದು ಊಟದ ಡಬ್ಬಿಯಷ್ಟು ದೊಡ್ಡದು. ಬಿಸಿ ಮೈಯ ಪ್ರಾಣಿ ಮುಂದೆ ಹಾದುಹೋದರೆ ತಾನಾಗಿ ಚಿತ್ರ ತೆಗೆಯುತ್ತದೆ. ರಾತ್ರಿ ಹೊತ್ತು ವಿಜ್ಞಾನ ಪಾಠದಲ್ಲಿ ಬಂದ ಅವಕೆಂಪು ಕಿರಣದ ಬೆಳಕಿನಲ್ಲಿ ತೆಗೆಯುತ್ತದೆ. ಬಿಸಿಲಿಗೆ ಕಾದ ಎಲೆ ಅಲ್ಲಾಡಿದರೂ ಮೋಸಹೋಗುತ್ತದೆ. ಹಾಗಾಗಿ ಮುಂದಿನ ಹುಲ್ಲು ಸವರಿ, ಸೂರ್ಯ ಎದುರಿಗೆ ಬಾರದ ಹಾಗೆ ಉತ್ತರಕ್ಕೆ ಮುಖ ಮಾಡಿ ಕಟ್ಟುತ್ತಾರೆ. ಬೇಟೆ ಶುರುವಾಗುವ ಎರಡು ಮೂರು ತಿಂಗಳ ಮೊದಲೇ, ಜೂನ್-ಜುಲೈನಲ್ಲಿ ಬೆಟ್ಟ ಹತ್ತಿ, ಕೆಸರುಗುಂಡಿ, ಒರತೆ, ಪ್ರಾಣಿ ಓಡಾಡಿ ಸವೆದ ಜಾಡು ಹುಡುಕಿ ಅಲ್ಲಿ ಕಟ್ಟಿ ಬರುತ್ತಾರೆ. ಪದೇ ಪದೇ ಹೋಗಿ ನೋಡುವಂತಿಲ್ಲ. ಎಲ್ಕ್‌ನ ಮೂಗು ಬಹಳ ಚುರುಕು, ಮನುಷ್ಯನ ವಾಸನೆ ಹತ್ತಿದರೆ ಆ ಜಾಗವನ್ನೇ ಬಿಟ್ಟುಬಿಡುತ್ತದೆ. ಕೆಲವು ವಾರ ಬಿಟ್ಟು ಹೋಗಿ ಮೆಮೊರಿ ಕಾರ್ಡ್ ತಂದು ನೋಡಿದರೆ ಯಾವ ಗಂಡು, ಎಷ್ಟು ಕವಲಿನ ಕೊಂಬು, ಎಷ್ಟು ಹೊತ್ತಿಗೆ ಬಂತು ಎಲ್ಲ ಗೊತ್ತಾಗುತ್ತದೆ.

ಇಷ್ಟರ ಮಟ್ಟಿಗೆ ನನ್ನ ಆಕ್ಷೇಪಣೆ ಇಲ್ಲ. ಯಾಕೆಂದರೆ ಜುಲೈನಲ್ಲಿ ಚಿತ್ರಕ್ಕೆ ಸಿಕ್ಕ ಗಂಡು ಸೆಪ್ಟೆಂಬರಿಗೆ ಅಲ್ಲೇ ಇರುತ್ತದೆ ಅಂತ ಏನೂ ಇಲ್ಲ. ಬೇಸಿಗೆಯಲ್ಲಿ ಗಂಡುಗಳು ಗುಂಪು ಕಟ್ಟಿಕೊಂಡು ಎತ್ತರದ ಹುಲ್ಲುಗಾವಲಿನಲ್ಲಿ ಸ್ನೇಹದಿಂದ ಮೇಯುತ್ತಿರುತ್ತವೆ. ಕೊಂಬಿನ ಚರ್ಮ ಕಳಚಿತೋ, ಸ್ನೇಹವೂ ಕಳಚಿತು. ಒಂದೊಂದು ಒಂದೊಂದು ದಿಕ್ಕಿಗೆ ಹೆಣ್ಣುಗಳನ್ನು ಹುಡುಕಿಕೊಂಡು ಮೈಲಿಗಟ್ಟಲೆ ಹೋಗಿಬಿಡುತ್ತವೆ. ಕ್ಯಾಮೆರಾ ನಂಬಿ ಕೂತವನು ಅಲ್ಲೇ ಕೂತಿರಬೇಕು! ಅಂದರೆ ಬೇಟೆಗಾರ ಮತ್ತೆ ಕಾಲಿನಿಂದ ನಡೆದು, ಕಿವಿಯಿಂದ ಕೇಳಿ, ಗಾಳಿ ನೋಡಿಕೊಂಡೇ ಹೋಗಬೇಕು. ಕ್ಯಾಮೆರಾ ಅವನಿಗೆ ಪ್ರಾಣಿಯನ್ನು ಪರಿಚಯ ಮಾಡಿಕೊಟ್ಟಿತು, ಕೈಗೆ ಕೊಡಲಿಲ್ಲ.

ಆದರೆ ಈಗ ಇನ್ನೊಂದು ಜಾತಿಯ ಕ್ಯಾಮೆರಾ ಬಂದಿದೆ. ಅದರೊಳಗೆ ಸಿಮ್ ಇರುತ್ತದೆ. ಪ್ರಾಣಿ ನೀರಿಗೆ ಬಾಯಿ ಇಟ್ಟ ಕೂಡಲೇ ಮನೆಯಲ್ಲಿ ಮಲಗಿದವನ ಫೋನಿಗೆ ಚಿತ್ರ ಬರುತ್ತದೆ. ಎದ್ದು ಹೋಗಿ ಹೊಡೆದರಾಯಿತು. ಇದನ್ನು ಬೇಟೆ ಅನ್ನಬೇಕೋ, ಸಂತೆಗೆ ಹೋಗಿ ಬರುವುದು ಅನ್ನಬೇಕೋ ನನಗೆ ತಿಳಿಯದು. ಅಮೆರಿಕದಲ್ಲಿ 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮುಂತಾದವರು ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಎಂಬ ಬೇಟೆಗಾರರ ಸಂಘವೇ ಇದೆ. ಪ್ರಾಣಿಗೆ ತಪ್ಪಿಸಿಕೊಳ್ಳುವ ನ್ಯಾಯವಾದ ಅವಕಾಶ ಇರಬೇಕು ಎನ್ನುವುದು ಅದರ ನಿಯಮ. ಆಗಿಂದಾಗಲೇ ಚಿತ್ರ ಕಳಿಸಿ ದಾರಿ ತೋರಿಸುವ ಯಂತ್ರವನ್ನು ಆ ಸಂಘವೂ ಒಪ್ಪುವುದಿಲ್ಲ.

ಅರಿಜೋನಾ ರಾಜ್ಯದ ಕಥೆಯನ್ನು ನೀವು ಕೇಳಲೇಬೇಕು. ಅಲ್ಲಿಯ ಮೂಲ ಎಲ್ಕ್‌ಗಳು 1900ರ ಸುಮಾರಿಗೇ ನಿರ್ನಾಮ ಆಗಿದ್ದವು. 1913ರಲ್ಲಿ ಯೆಲ್ಲೊಸ್ಟೋನ್‌ನಿಂದ 83 ಎಲ್ಕ್ ತಂದು ಬಿಟ್ಟರು. ಈಗ ಹತ್ತಾರು ಸಾವಿರ ಇವೆ. ಆದರೂ ಎಲ್ಲರಿಗೂ ಪರವಾನಗಿ ಸಿಗುವುದಿಲ್ಲ. ಲಾಟರಿ ಎತ್ತುತ್ತಾರೆ, ಒಳ್ಳೆಯ ಜಾಗದ ಚೀಟಿಗೆ ವರ್ಷಗಟ್ಟಲೆ ಕಾಯುವವರಿದ್ದಾರೆ. ಅಷ್ಟು ಕಾದು ಸಿಕ್ಕ ಚೀಟಿಯನ್ನು ಯಾರೂ ಕಳಕೊಳ್ಳಲು ಇಷ್ಟಪಡುವುದಿಲ್ಲ, ಅದು ಸಹಜ. ಅದು ಒಣ ಸೀಮೆ, ನೀರಿನ ಗುಂಡಿಗಳು ಕಡಿಮೆ. ಹಾಗಾಗಿ ಒಂದೊಂದು ಗುಂಡಿಯ ಸುತ್ತಲೂ ಹತ್ತಾರು ಕ್ಯಾಮೆರಾ ಕಟ್ಟಿದರು. ಇವನು ಬಂದು ಕಾರ್ಡ್ ತೆಗೆದು ಹೋದರೆ ಅವನು ಬರುವುದು, ಅವನು ಹೋದರೆ ಮತ್ತೊಬ್ಬ. ಬಾಯಾರಿದ ಪ್ರಾಣಿ ಹತ್ತಿರ ಸುಳಿಯುವುದು ಹೇಗೆ? ಕೊನೆಗೆ 2021ರ ಜೂನ್‌ನಲ್ಲಿ ಆ ರಾಜ್ಯದ ವನ್ಯಜೀವಿ ಆಯೋಗ, ಬೇಟೆಗಾಗಿ ಇಂಥ ಕ್ಯಾಮೆರಾ ಬಳಸುವುದನ್ನೇ ನಿಷೇಧಿಸಿತು. 2022ರ ಜನವರಿ 1ರಿಂದ ಅದು ಜಾರಿಗೆ ಬಂತು. ಅದೇ ವರ್ಷ ಯೂಟಾ ರಾಜ್ಯದವರು ಬೇರೆ ದಾರಿ ಹಿಡಿದರು. ಜುಲೈ 31ರಿಂದ ಡಿಸೆಂಬರ್ 31ರ ತನಕ ಮಾತ್ರ ಬೇಟೆಗೆ ಕ್ಯಾಮೆರಾ ಕೂಡದು ಎಂದರು.

ಇದನ್ನು ವಿರೋಧಿಸಿದ ಬೇಟೆಗಾರರ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. ವಾರವೆಲ್ಲ ದುಡಿಯುವವನು, ವಯಸ್ಸಾದವನು, ಕಾಲು ಸರಿಯಿಲ್ಲದವನು ದಿನಾ ಬೆಟ್ಟ ಹತ್ತುವುದು ಹೇಗೆ, ಅವನಿಗೆ ಕ್ಯಾಮೆರಾ ಊರುಗೋಲಿದ್ದ ಹಾಗೆ ಎನ್ನುತ್ತಾರೆ. ಹೌದು. ಅದಕ್ಕೇ ನನಗೆ ಯೂಟಾದವರ ಲೆಕ್ಕ ಹೆಚ್ಚು ಹಿಡಿಸಿತು. ಬೇಸಿಗೆಯಲ್ಲಿ ನೋಡು, ತಿಳಿದುಕೋ, ಬೇಟೆಯ ಕಾಲ ಹತ್ತಿರ ಬಂದಾಗ ಬಿಚ್ಚಿಕೊಂಡು ಹೋಗು. ಆದರೆ ನೀರು ಒಂದೇ ಕಡೆ ಇರುವ ಸೀಮೆಯಲ್ಲಿ ಅರಿಜೋನಾದವರು ಮಾಡಿದ್ದೇ ಸರಿ.

ಈ ವಿಷಯವನ್ನು ಮನೆಯಲ್ಲಿ ಅಜ್ಜನಿಗೆ ಹೇಳಿದೆ. ಅವರಿಗೆ ಎಂಬತ್ತು ದಾಟಿದೆ. ಕಾಯ್ದೆ ಬರುವ ಮೊದಲು ಅವರು ಹಣ್ಣಿನ ಮರದ ಮೇಲೆ ಮರಸು ಕೂರುತ್ತಿದ್ದವರು. "ಹತ್ತು ರಾತ್ರಿ ಕೂತ್ರೆ ಒಂಬತ್ತು ರಾತ್ರಿ ಸೊಳ್ಳೆ ಕಚ್ಚಿಸ್ಕಂಡು ಬರೋದೇ ಆಗಿತ್ತು ಕಣಾ. ಆ ಒಂಬತ್ತು ರಾತ್ರಿ ಕಡವೇದು, ಒಂದು ರಾತ್ರಿ ನಮ್ದು. ನೀನು ಹೇಳೋ ಪೆಟ್ಟಿಗೆ ಬಂದ್ರೆ ಹತ್ತೂ ನಮ್ದೇ ಆಯ್ತಲ್ಲ ಮಾರಾಯ" ಅಂದರು. ಬೇಸಿಗೆಯಲ್ಲಿ ನೀರಿಗೆ ಬಂದದ್ದಕ್ಕೆ ಈಡು ಹೊಡೆಯಬಾರದು ಅಂತ ಅವರ ಅಪ್ಪ ಹೇಳಿದ್ದರಂತೆ.

ಅಜ್ಜ ನೀರಿನ ಮಾತು ಎತ್ತಿದಾಗ ನಾನು ತಲೆ ತಗ್ಗಿಸಿದೆ. ಯಾಕೆ ಅಂತ ಇಲ್ಲಿ ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೋದ ವರ್ಷ ಬೇಸಿಗೆ ರಜೆಯಲ್ಲಿ, ಹಳ್ಳದ ಒಂದು ಗುಂಡಿಗೆ ಒಂದು ತಾಯಿ ಕಡವೆ ಮರಿಯ ಜೊತೆ ನೀರಿಗೆ ಬರುತ್ತಿತ್ತು. ದೊಡ್ಡ ಹೆಜ್ಜೆಯ ಪಕ್ಕದಲ್ಲೇ ಚಿಕ್ಕ ಹೆಜ್ಜೆ. ನಾನು ಮೂರು ಸಂಜೆ ದೂರದ ಬಂಡೆಯ ಹಿಂದೆ ಕೂತು ನೋಡಿದೆ. ಖುಷಿ ತಡೆಯಲಾರದೆ ಅಂಗಡಿ ಕಟ್ಟೆಯಲ್ಲಿ ಎಲ್ಲರೆದುರು ಹೇಳಿಕೊಂಡೆ. ಯಾವ ಗುಂಡಿ, ಯಾವ ಕಡೆಯಿಂದ ಇಳಿಯುತ್ತವೆ, ಎಷ್ಟು ಹೊತ್ತಿಗೆ, ಎಲ್ಲಾ. ನಾಲ್ಕನೇ ದಿನ ಹೋದಾಗ ಆ ಜಾಡಿನಲ್ಲಿ ತಂತಿಯ ಉರುಳು ಇತ್ತು. ತಂತಿಯಲ್ಲಿ ಕೂದಲು, ಸುತ್ತ ಮಣ್ಣು ಕೆದರಿದ ಗುರುತು, ರಕ್ತ. ಯಾರು ಹಾಕಿದರೋ ಗೊತ್ತಿಲ್ಲ, ಯಾರ ಮೇಲೂ ಹೇಳುವುದಿಲ್ಲ. ಫಾರೆಸ್ಟ್ ವಾಚರಿಗೆ ತಿಳಿಸಿದೆ, ಅವರು ಬಂದು ಬಿಚ್ಚಿ ತೆಗೆದುಕೊಂಡು ಹೋದರು. ಆಮೇಲೆ ಆ ಗುಂಡಿಯಲ್ಲಿ ದೊಡ್ಡ ಹೆಜ್ಜೆಯೂ ಇಲ್ಲ, ಚಿಕ್ಕದೂ ಇಲ್ಲ. ಅಲ್ಲಿ ಯಾವ ಕ್ಯಾಮೆರಾವೂ ಇರಲಿಲ್ಲ. ಕ್ಯಾಮೆರಾದ ಕೆಲಸವನ್ನು ನನ್ನ ಬಾಯಿ ಮಾಡಿತ್ತು.

ಆದ್ದರಿಂದ ಗೆಳೆಯಾ, ಕ್ಯಾಮೆರಾದಿಂದ ತೊಂದರೆಯೇ ಇಲ್ಲ ಅನ್ನಬೇಡ. ಪ್ರಾಣಿ ಎಲ್ಲಿ, ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವ ಸುದ್ದಿ ಯಾರ ಕೈಗೆ ಹೋಯಿತು ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಇದೇ ಯಂತ್ರದಿಂದ ಒಳ್ಳೆಯದೂ ಆಗಿದೆ. ಅಮೆರಿಕದ ಜಾರ್ಜ್ ಶಿರಾಸ್ ಮೊದಲು ಬೇಟೆಗಾರ. ಆಮೇಲೆ ಕೋವಿ ಕೆಳಗಿಟ್ಟು, ಪ್ರಾಣಿಯೇ ತಂತಿ ತಾಗಿ ತನ್ನ ಚಿತ್ರ ತೆಗೆದುಕೊಳ್ಳುವ ಹಾಗೆ ಮಾಡಿದವನು. 1906ರಲ್ಲಿ ಅವನ ಚಿತ್ರಗಳು ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂದವು. ನಮ್ಮ ದೇಶದಲ್ಲಿ ಅರಣ್ಯಾಧಿಕಾರಿ ಚಾಂಪಿಯನ್ ಎಂಬುವರು ಹಾಗೆಯೇ ಹುಲಿಗಳ ಚಿತ್ರ ತೆಗೆದು 1927ರಲ್ಲಿ ಪುಸ್ತಕ ಮಾಡಿದರು. ಇನ್ನು ನಮ್ಮ ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ ಹುಲಿ ಎಣಿಸುವ ಲೆಕ್ಕ ತೋರಿಸಿಕೊಟ್ಟರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಎರಡೂ ಮಗ್ಗುಲಿನ ಪಟ್ಟೆ ಸಿಗಲಿ ಎಂದು ಜಾಡಿನ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಅಮೆರಿಕದ ಬೇಟೆಗಾರ ಕೊಂಬಿನ ಕವಲು ನೋಡಿ ಗಂಡನ್ನು ಗುರುತಿಸುವುದೂ ಇದೇ ವಿದ್ಯೆ. ಒಬ್ಬರು ಎಣಿಸುವುದಕ್ಕೆ, ಇನ್ನೊಬ್ಬರು ಆರಿಸುವುದಕ್ಕೆ.

ನಮ್ಮ ಇಕೋ ಕ್ಲಬ್ಬಿಗೆ ಕ್ಯಾಮೆರಾ ಬರಲಿ, ನಾನೂ ಕಟ್ಟಲು ಬರುತ್ತೇನೆ. ಆದರೆ ಹಳ್ಳದ ಗುಂಡಿಗೆ ಬೇಡ, ಶಾಲೆಯ ತೋಟದ ಬೇಲಿಗೆ ಕಟ್ಟೋಣ. ಸಿಮ್ ಇಲ್ಲದ ಕ್ಯಾಮೆರಾ ಸಾಕು, ಅಗ್ಗವೂ ಹೌದು. ಕಾರ್ಡ್ ವಿಜ್ಞಾನದ ಮೇಷ್ಟ್ರ ಹತ್ತಿರ ಇರಲಿ. ಚಿತ್ರಗಳನ್ನು ಗೋಡೆಗೆ ಹಾಕುವುದಾದರೆ ಒಂದು ತಿಂಗಳು ತಡೆದು ಹಾಕೋಣ, ಜಾಗದ ಹೆಸರು ಮತ್ತು ಹೊತ್ತು ಕಾಣದ ಹಾಗೆ ಕತ್ತರಿಸಿ ಹಾಕೋಣ. ಫೋನಿನಲ್ಲಿ ಫೋಟೋ ಹೊಡೆದು ಊರಿಗೆಲ್ಲ ಕಳಿಸುವವರಿಗೆ ಮೊದಲೇ ಹೇಳಿಡಬೇಕು. ಇದನ್ನು ಒಪ್ಪದವರು ಈ ತಿಂಗಳ 25ನೇ ತಾರೀಕಿನೊಳಗೆ ತಮ್ಮ ಉತ್ತರ ಬರೆದು ಸಂಪಾದಕ ಮಂಡಳಿಗೆ ಕೊಡಿ. ದಯವಿಟ್ಟು ಹಾಳೆಯ ಒಂದೇ ಬದಿಗೆ ಬರೆಯಿರಿ, ಹಿಂದಿನ ಸಲ ಎರಡೂ ಬದಿ ಬರೆದವರದ್ದನ್ನು ಗೋಡೆಗೆ ಅಂಟಿಸಲಿಕ್ಕೆ ಆಗಲಿಲ್ಲ.