ದುಡ್ಡು ನಮ್ಮದು, ಬಸ್ಸು ಯಾರದು?

ಡೀಸೆಲ್ಲಿನ ಹೊಗೆಯಿಲ್ಲದೆ ಓಡುವ ವಿದ್ಯುತ್ ಬಸ್ಸುಗಳು ನಮ್ಮ ನಾಡಿಗೆ ಬರುತ್ತಿವೆ. ಬರಲಿ, ಸಂತೋಷ. ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲನ್ನು ಹೊರದೇಶಗಳಿಂದ ತರಿಸುತ್ತದೆ. ಆ ತೈಲದ ಬೆಲೆ ಏರಿದರೆ ಬಸ್ಸಿನ ದರವೂ ಏರುತ್ತದೆ, ಮಂಡಿಯಿಂದ ಅಂಗಡಿಗೆ ಬರುವ ಸರಕಿನ ಬಾಡಿಗೆಯೂ ಏರುತ್ತದೆ. ನಿಲ್ದಾಣದ ಹೊಗೆ ಕುಡಿಯುವವರು ಕಾರಿನಲ್ಲಿ ಕೂತವರಲ್ಲ. ಪಾಳಿಗೆ ಹೊರಟ ಗಿರಣಿ ಕಾರ್ಮಿಕರು, ಗಂಟು ಹೊತ್ತ ಸಣ್ಣ ವ್ಯಾಪಾರಿಗಳು. ಆದಕಾರಣ ಇಂತಹ ಬಸ್ಸುಗಳಿಗೆ ಸರಕಾರ ಸಹಾಯಧನ ಕೊಡುವುದನ್ನು ನಾವು ವಿರೋಧಿಸುವವರಲ್ಲ. ನಮ್ಮ ಪ್ರಶ್ನೆ ಒಂದೇ: ಜನತೆಯ ದುಡ್ಡಿನಿಂದ ಬಂದ ಬಸ್ಸು ಜನತೆಯದಾಗುತ್ತದೆಯೇ?

ಕೇಂದ್ರ ಸರಕಾರ 2019ರಲ್ಲಿ 'ಫೇಮ್' ಯೋಜನೆಯ ಎರಡನೆಯ ಹಂತವನ್ನು 10,000 ಕೋಟಿ ರೂಪಾಯಿಗಳೊಡನೆ ಆರಂಭಿಸಿತು. ಅದು 2024ರ ಮಾರ್ಚಿಗೆ ಮುಗಿಯಿತು. 2023ರ ಆಗಸ್ಟಿನಲ್ಲಿ 10,000 ಬಸ್ಸುಗಳ 'ಪಿಎಂ ಇ-ಬಸ್ ಸೇವಾ' ಯೋಜನೆಗೂ, 2024ರ ಸೆಪ್ಟೆಂಬರಿನಲ್ಲಿ 10,900 ಕೋಟಿ ರೂಪಾಯಿಗಳ 'ಪಿಎಂ ಇ-ಡ್ರೈವ್' ಯೋಜನೆಗೂ ಸಂಪುಟದ ಒಪ್ಪಿಗೆ ದೊರೆಯಿತು. ಹೆಸರು ಬೇರೆ ಬೇರೆಯಾದರೂ ಬಸ್ಸಿನ ವಿಷಯದಲ್ಲಿ ಮೂರರ ನಡೆಯೂ ಒಂದೇ. ಸಾರಿಗೆ ನಿಗಮ ಬಸ್ಸನ್ನು ಕೊಂಡು ತನ್ನದಾಗಿಸಿಕೊಳ್ಳುವುದಿಲ್ಲ. ಬಸ್ಸಿನ ಒಡೆತನ ಖಾಸಗಿ ಕಂಪನಿಯದು. ಚಾಲಕನನ್ನು ನೇಮಿಸುವುದೂ ರಿಪೇರಿ ಮಾಡಿಸುವುದೂ ಆ ಕಂಪನಿಯೇ. ಬಸ್ಸು ಓಡಿದ ಕಿಲೋಮೀಟರಿಗೆ ಇಷ್ಟು ಎಂದು ನಿಗಮ ಹಣ ತೆರಬೇಕು. ಜನ ಹತ್ತಲಿ ಬಿಡಲಿ, ನಷ್ಟ ನಿಗಮದ್ದು. ಕಂಪನಿಯ ಕಿಲೋಮೀಟರಿನ ಹಣಕ್ಕೆ ಅದರಿಂದ ಬಾಧೆಯಿಲ್ಲ.

ಬೆಂಗಳೂರಿನಲ್ಲಿ ಇದು ಕಣ್ಣಿಗೆ ಕಾಣುತ್ತಿದೆ. ಅಲ್ಲಿಯ ವಿದ್ಯುತ್ ಬಸ್ಸಿನ ಮೇಲೆ ಮಹಾನಗರ ಸಾರಿಗೆ ಸಂಸ್ಥೆಯ ಹೆಸರಿದೆ. ಟಿಕೇಟು ಕೊಡುವ ಕಂಡಕ್ಟರು ಸಂಸ್ಥೆಯ ನೌಕರ. ಚಕ್ರ ಹಿಡಿದ ಚಾಲಕ ಕಂಪನಿಯ ಆಳು. ಒಂದೇ ಬಸ್ಸು, ಒಂದೇ ದಾರಿ, ಇಬ್ಬರು ದಣಿಗಳು. ಟಾಟಾ ಕಂಪನಿಯ 921 ಬಸ್ಸುಗಳಿಗೆ 2022ರಲ್ಲಿ ಆದ ಒಪ್ಪಂದದ ಅವಧಿ 12 ವರ್ಷ. ಇಂತಹ ಅವಧಿ ಮುಗಿದ ದಿನ ನಿಗಮದ ಕೈಯಲ್ಲಿ ಉಳಿಯುವುದೇನು? ಬಸ್ಸಿಲ್ಲ, ಬಸ್ಸನ್ನು ರಿಪೇರಿ ಮಾಡಬಲ್ಲ ಮೆಕ್ಯಾನಿಕ್ಕಿಲ್ಲ, ಅದನ್ನು ಓಡಿಸಿ ಪಳಗಿದ ಸ್ವಂತ ಚಾಲಕನೂ ಇಲ್ಲ. ಮತ್ತೆ ಕಂಪನಿಯ ಬಾಗಿಲಿಗೇ ಹೋಗಬೇಕು.

ಅಂಗಡಿಯ ಲೆಕ್ಕ ಬಲ್ಲ ನಮ್ಮ ವ್ಯಾಪಾರಿ ಬಂಧುಗಳು ಈ ಲೆಕ್ಕವನ್ನೂ ನೋಡಲಿ. ಇ-ಬಸ್ ಸೇವಾ ಯೋಜನೆಯಲ್ಲಿ 12 ಮೀಟರಿನ ದೊಡ್ಡ ಬಸ್ಸಿಗೆ ಕೇಂದ್ರದ ನೆರವು ಕಿಲೋಮೀಟರಿಗೆ 24 ರೂಪಾಯಿ, ಹತ್ತು ವರ್ಷಗಳವರೆಗೆ. ದಿನಕ್ಕೆ 200 ಕಿಲೋಮೀಟರ್ ಎಂದು ಹಿಡಿದರೆ ವರ್ಷಕ್ಕೆ 17 ಲಕ್ಷ 52 ಸಾವಿರ. ಹತ್ತು ವರ್ಷಕ್ಕೆ ಒಂದು ಮುಕ್ಕಾಲು ಕೋಟಿ. ಉಳಿದ ದರವನ್ನು ತುಂಬುವುದು ನಿಗಮ ಮತ್ತು ರಾಜ್ಯ. ಡಿಪೋದ ನೆಲವೂ ಸಾರ್ವಜನಿಕರದೇ. ಈ ಹಣದಲ್ಲಿ ಸಂಬಳ, ರಿಪೇರಿ, ಬ್ಯಾಟರಿಯ ಖರ್ಚೂ ಸೇರಿದೆ ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಇಷ್ಟೆಲ್ಲ ತೆತ್ತವನು ಕೊನೆಗೆ ಬಾಡಿಗೆದಾರನಾಗಿಯೇ ಉಳಿಯುವುದು ಯಾವ ವ್ಯಾಪಾರ? ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

"ನಿಗಮಗಳ ಬಳಿ ಬಂಡವಾಳವಿಲ್ಲ, ಬಸ್ಸು ಕೆಟ್ಟರೆ, ಬ್ಯಾಟರಿ ಸತ್ತರೆ ಹೊಣೆ ಕಂಪನಿಯ ಮೇಲಿರುವುದೇ ಲೇಸು" ಎಂದು ಅಧಿಕಾರಿಗಳು ವಾದಿಸುತ್ತಾರೆ. ವಾದದಲ್ಲಿ ಹುರುಳಿಲ್ಲವೆನ್ನಲಾರೆವು. ಹೊಸ ಯಂತ್ರದಲ್ಲಿ ಅಪಾಯ ಇದ್ದೇ ಇದೆ. ಆದರೆ ಆ ಅಪಾಯ ಕಂಪನಿಯ ಹೆಗಲ ಮೇಲೆ ಎಷ್ಟಿದೆ? ನಿಗಮಗಳು ಹಣ ತಡಮಾಡಿದರೆ ಕಂಪನಿಗಳಿಗೆ ತೊಂದರೆಯಾಗಬಾರದೆಂದು ಅದೇ 2024ರ ಸೆಪ್ಟೆಂಬರಿನಲ್ಲಿ 3,435 ಕೋಟಿ ರೂಪಾಯಿಗಳ ಭದ್ರತಾ ನಿಧಿಗೆ ಒಪ್ಪಿಗೆ ಕೊಡಲಾಯಿತು. ನಿಗಮ ಕೊಡದಿದ್ದರೆ ಆ ನಿಧಿ ಕೊಡುತ್ತದೆ. ಆಮೇಲೆ ರಾಜ್ಯದ ಖಾತೆಯಿಂದ ವಸೂಲಾಗುತ್ತದೆ. ಕಂಪನಿಯ ಬಿಲ್ಲಿಗೆ ಇಷ್ಟು ಕಾವಲು ಹಾಕಿದ ಸರಕಾರ, ಚಾಲಕನ ತಿಂಗಳ ಸಂಬಳಕ್ಕೆ ಅಂಥದೇ ನಿಧಿಯನ್ನು ಏಕೆ ಕಟ್ಟಲಿಲ್ಲ?

ಇನ್ನು ನಮ್ಮಂತಹ ಊರುಗಳ ಮಾತು. ಇ-ಡ್ರೈವ್ ಯೋಜನೆಯ ಬಸ್ಸುಗಳು 40 ಲಕ್ಷಕ್ಕೂ ಮೇಲ್ಪಟ್ಟ ಜನಸಂಖ್ಯೆಯ ಮಹಾನಗರಗಳಿಗೆ. 2025ರ ಟೆಂಡರಿನಲ್ಲಿ ಐದು ನಗರಗಳಿಗೆ 10,900 ಬಸ್ಸುಗಳೆಂದಾಯಿತು; ಅದರಲ್ಲಿ ಬೆಂಗಳೂರೊಂದಕ್ಕೇ 4,500. ಇ-ಬಸ್ ಸೇವಾ ಯೋಜನೆಗೆ, ಕೆಲವು ರಾಜಧಾನಿಗಳನ್ನು ಬಿಟ್ಟರೆ, 2011ರ ಜನಗಣತಿಯಂತೆ 3 ಲಕ್ಷ ಜನರಾದರೂ ಇರಬೇಕು. ಹಾಗಾದರೆ ರಾಯಚೂರು, ಬೀದರ, ಗದಗ, ಚಿತ್ರದುರ್ಗ, ಹಾಸನ ಎಲ್ಲಿ ಹೋಗಬೇಕು? ಈ ಊರುಗಳ ಜನ ತೆರಿಗೆ ಕೊಡುವಾಗ ಯಾರೂ ತಲೆ ಎಣಿಸಲಿಲ್ಲ; ಬಸ್ಸು ಕೊಡುವಾಗ ಮಾತ್ರ ಎಣಿಕೆ!

ದೊಡ್ಡ ನಗರ, ದೊಡ್ಡ ಕಂಪನಿ ಬಿಟ್ಟರೆ ಬಸ್ಸು ನಡೆಸುವವರೇ ಇಲ್ಲವೆಂದು ಯಾರೂ ಹೇಳಬೇಕಾಗಿಲ್ಲ. ಮಲೆನಾಡಿನ ಕೊಪ್ಪದಲ್ಲಿ ಖಾಸಗಿ ಬಸ್ ಕಂಪನಿಯೊಂದು ಬಾಗಿಲು ಹಾಕಿದಾಗ, ಅದರ ಕಾರ್ಮಿಕರೇ 1991ರಲ್ಲಿ ಸಹಕಾರ ಸಂಘ ಕಟ್ಟಿ 'ಸಹಕಾರ ಸಾರಿಗೆ'ಯನ್ನು ನಡೆಸಿದರು. ಚಾಲಕ, ಕಂಡಕ್ಟರು, ಮೆಕ್ಯಾನಿಕ್ಕು, ಇವರೇ ಒಡೆಯರು. ಸುಮಾರು ಮೂರು ದಶಕ ಘಟ್ಟದ ಹಳ್ಳಿಗಳಿಗೆ ಬಸ್ಸು ಓಡಿಸಿದ ಆ ಸಂಘ ಡೀಸೆಲ್ ಬೆಲೆ ಮತ್ತು ನಷ್ಟದ ಹೊರೆ ತಾಳಲಾರದೆ 2020ರ ಫೆಬ್ರವರಿಯಲ್ಲಿ ನಿಂತುಹೋಯಿತು. ಆಗ ಫೇಮ್ ಯೋಜನೆಯ ಸಾವಿರಾರು ಕೋಟಿ ಬೊಕ್ಕಸದಲ್ಲಿತ್ತು. ಡೀಸೆಲ್ಲಿನಿಂದ ಬಿಡುಗಡೆ ಬೇಕಾಗಿದ್ದವರು ಇವರಲ್ಲದೆ ಮತ್ತಾರು? ಆದರೆ ಲಾಭಕ್ಕಲ್ಲದೆ ಊರಿಗಾಗಿ ದುಡಿಯುವ ಇಂತಹ ಸಂಘಗಳಿಗೆಂದೇ ಅದರಲ್ಲಿ ಒಂದು ಪಾಲು ಮೀಸಲಿರಲಿಲ್ಲ.

ನಾವು ಕೇಳುವುದು ಭಿಕ್ಷೆಯಲ್ಲ, ನಾಲ್ಕು ನ್ಯಾಯವಾದ ಮಾತು. ಸಹಾಯಧನದ ಒಂದು ಪಾಲಿನಿಂದ ನಿಗಮವೇ ಬಸ್ಸು ಕೊಂಡು, ತನ್ನ ಚಾಲಕರಿಂದ ಓಡಿಸಿ, ತನ್ನ ಮೆಕ್ಯಾನಿಕ್ಕುಗಳಿಗೆ ಈ ಯಂತ್ರದ ವಿದ್ಯೆ ಕಲಿಸಲಿ. ಗುತ್ತಿಗೆಯ ಬಸ್ಸಿನಲ್ಲಿಯೂ ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಷರತ್ತು ಬರಲಿ. ಸಂಬಳ ಕೊಟ್ಟ ರಸೀದಿ ನೋಡಿಯೇ ಕಂಪನಿಯ ಬಿಲ್ಲು ಪಾಸಾಗಲಿ. ಮೂರು ಲಕ್ಷದ ಗೆರೆಯನ್ನು ಅಳಿಸಿ, ಸಣ್ಣ ಊರುಗಳಿಗೂ ಕಾರ್ಮಿಕರ ಸಹಕಾರ ಸಂಘಗಳಿಗೂ ಪಾಲು ಸಿಗಲಿ. ಕೊನೆಯದಾಗಿ, ಪ್ರತಿಯೊಂದು ಒಪ್ಪಂದವೂ ಕನ್ನಡದಲ್ಲಿ ಅಚ್ಚಾಗಿ ಬಸ್ ನಿಲ್ದಾಣದ ಗೋಡೆಯ ಮೇಲೆ ಬರಲಿ. ಹಣ ಕೊಟ್ಟವರಿಗೆ ಕರಾರು ಓದುವ ಹಕ್ಕಿದೆ.

ಮುಂದಿನ ಚುನಾವಣೆಯಲ್ಲಿ ಹೊಸ ಬಸ್ಸಿಗೆ ಹೂವಿನ ಹಾರ ಹಾಕಿ ಹಸಿರು ಬಾವುಟ ಬೀಸಲು ಮಂತ್ರಿಗಳು ಬರುತ್ತಾರೆ. ಚಪ್ಪಾಳೆ ತಟ್ಟುವ ಮೊದಲು ಅವರನ್ನು ಕೇಳೋಣ: ಸ್ವಾಮಿ, ಈ ಬಸ್ಸು ಯಾರದು?